ಮುದ್ರೆಯಿಲ್ಲದ ಬಿರಡೆ

“ಇದನ್ನ ಹೀಗೆ ಮಡಿಲಲ್ಲಿಟ್ಕೊಂಡು ಕೂರೋಕೆ ನಾನೇನು ಬಾಣಂತಿನಾ?” ಎಂದಳು ಓದೀಲ್.

ಎವರಿಸ್ತ್ ರಸ್ತೆಯಿಂದ ಕಣ್ಣು ಕೀಳಲಿಲ್ಲ. ಉತ್ತರ ಕೊಟ್ಟರೆ ಗಮನ ತಪ್ಪುತ್ತದೆ, ಗಮನ ತಪ್ಪಿದರೆ ಕಾರು ಕುಲುಕುತ್ತದೆ, ಕಾರು ಕುಲುಕಿದರೆ ಹೆಂಡತಿಯ ಬೂದು ಶಾಲಿನೊಳಗೆ ಕುತ್ತಿಗೆ ಮಾತ್ರ ಹೊರಗಿಟ್ಟುಕೊಂಡು ಕೂತಿದ್ದ ಅರವತ್ತೊಂದನೇ ಇಸವಿಯ ಓರ್ಬಿನ್ಯಾನ್ ವೈನು ಬಾಟಲಿಯ ಗಸಿ ಮೇಲೇಳುತ್ತದೆ. ಆ ಗಸಿ ತಳ ಸೇರಲೆಂದೇ ಭಾನುವಾರದಿಂದ ಬಾಟಲಿಯನ್ನು ಊಟದ ಕೋಣೆಯ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ, ಮೂರು ದಿನ ಯಾರೂ ಬಾಗಿಲು ದಡಾರೆಂದು ಹಾಕಕೂಡದು, ಬಟ್ಟೆ ಒಗೆಯುವ ಯಂತ್ರ ತಿರುಗಕೂಡದು ಎಂದು ಕಟ್ಟಪ್ಪಣೆ ಮಾಡಿದ್ದ. ಮನೆಯಲ್ಲಿ ಇದ್ದವರೇ ಇಬ್ಬರು. ಕೊಳೆ ಬಟ್ಟೆ ಬುಟ್ಟಿ ತುಂಬಿ, ಬುಧವಾರ ಬೆಳಿಗ್ಗೆ ಅವನ ಕೈಗೆ ಸಿಕ್ಕಿದ್ದು ಮೊಣಕೈ ಸವೆದ ಅಂಗಿ. ಅದರ ಮೇಲೆ ಒಳ್ಳೆಯ ಕೋಟು ತೊಟ್ಟು, ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ, ಹಿಂದೆ ಆರು ಕಾರುಗಳ ದಿಬ್ಬಣ ಕಟ್ಟಿಕೊಂಡು ಅವನು ಮೆದೋಕ್ ಸೀಮೆಯ ರಸ್ತೆಯಲ್ಲಿ ಹೋಗುತ್ತಿದ್ದ. ಎರಡೂ ಕಡೆ ಫೆಬ್ರವರಿಯ ಬೋಳು ದ್ರಾಕ್ಷಿಬಳ್ಳಿಗಳು. ಸವರಿದ ಕಡ್ಡಿಗಳನ್ನು ಅಲ್ಲಲ್ಲಿ ಗುಡ್ಡೆ ಹಾಕಿ ಸುಡುತ್ತಿದ್ದರು. ಹೊಗೆ ಒಳಗೆ ಬಂದಾಗ ಬಾಟಲಿಗೆ ವಾಸನೆ ಹಿಡಿದೀತೇ ಎಂಬ ಯೋಚನೆ ಬಂತು. ಗಾಜಿನೊಳಗೆ ಹೊಗೆ ಹೋಗುವುದಿಲ್ಲವೆಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡರೂ ಕಿಟಕಿ ಏರಿಸಿದ.

ಹಿಂದಿನ ಕಾರಿನವನು ಹಾರ್ನ್ ಒತ್ತಿದ. ಓದೀಲ್ ಹೊರಗೆ ನೋಡುತ್ತ, ಈಗಲೂ ತಿರುಗಿ ಹೋಗಬಹುದು, ಮನೆಯಲ್ಲೇ ಬಿರಡೆ ತೆಗೆದು ನಾವಿಬ್ಬರೇ ಕುಡಿದರೆ ಯಾರೂ ಬೇಡ ಅನ್ನುವುದಿಲ್ಲ ಎಂದಳು. ಇದು ಅವಳು ಆ ವಾರ ಮೂರನೇ ಸಲ ಹೇಳುತ್ತಿದ್ದ ಮಾತು. ಅರವತ್ತೊಂದರ ಓರ್ಬಿನ್ಯಾನನ್ನು ಬುಧವಾರ ಮಧ್ಯಾಹ್ನ ಸುಮ್ಮನೆ ಕುಡಿದುಬಿಡುವುದೆಂದರೆ, ಇಗರ್ಜಿಯ ಗಂಟೆ ಬಿಚ್ಚಿ ತಂದು ದನದ ಕೊರಳಿಗೆ ಕಟ್ಟಿದ ಹಾಗೆ ಎಂದು ಅವನಿಗೆ ಹೇಳಬೇಕೆನಿಸಿತು. ಆದರೆ ಎದುರಿಗೆ ತಿರುವಿತ್ತು.

ಆ ವೈನು ಮಾಡುವ ಓರ್ಬಿನ್ಯಾನ್ ಶಾತೊದವರು, ಎಂದರೆ ತೋಟದ ಬಂಗಲೆಯವರು, ವರ್ಷಕ್ಕೊಂದು ದಿನ ತಮ್ಮ ತೋಟದ ಹಳೆಯ ಬಾಟಲಿಗಳಿಗೆ ಹೊಸ ಬಿರಡೆ ಹಾಕಿಕೊಡುತ್ತಿದ್ದರು. ನೆಲಮಾಳಿಗೆಯ ಮೇಸ್ತ್ರಿ ಹಳೆಯ ಬಿರಡೆ ತೆಗೆದು, ಒಂದು ಚಮಚದಷ್ಟು ರುಚಿ ನೋಡಿ, ಸರಿಯಿದ್ದರೆ ಇಳಿದುಹೋದಷ್ಟನ್ನು ಅದೇ ವರ್ಷದ ವೈನಿನಿಂದ ತುಂಬಿ, ಗೋಪುರದ ಮುದ್ರೆಯ ಬಿರಡೆ ಒತ್ತಿ, ಬೆನ್ನಿಗೆ ಒಂದು ಚಿಕ್ಕ ಚೀಟಿ ಅಂಟಿಸಿ ಸಹಿ ಮಾಡುತ್ತಾನೆ. ಸರಿಯಿಲ್ಲದಿದ್ದರೆ ಏನೂ ಅನ್ನುವುದಿಲ್ಲ. ಮುದ್ರೆಯಿಲ್ಲದ ಬೋಳು ಬಿರಡೆ ಒತ್ತಿ ಕೈ ಕುಲುಕಿ ಕಳಿಸುತ್ತಾನೆ. ಎವರಿಸ್ತ್‌ನ ನೆಲಮಾಳಿಗೆಯಲ್ಲಿ ಅರವತ್ತೊಂದರಿಂದ ಮೊನ್ನೆ ಮೊನ್ನೆಯವರೆಗೆ ಒಂದು ವರ್ಷವೂ ತಪ್ಪದೆ ಓರ್ಬಿನ್ಯಾನ್ ಸಾಲಾಗಿ ಮಲಗಿತ್ತು. ಸಾಲಿನ ತಲೆಯ ಬಾಟಲಿಗೆ ಇವತ್ತು ಆ ಸಹಿ ಬಿದ್ದರೆ ಶನಿವಾರ ಬೋರ್ದೋ ಪಟ್ಟಣದಲ್ಲಿ ಅವನನ್ನು ಓರ್ಬಿನ್ಯಾನ್ ಬಳಗಕ್ಕೆ ಸೇರಿಸಿಕೊಳ್ಳುವವರಿದ್ದರು. ಹದಿನಾಲ್ಕು ವರ್ಷ ಕಾದಿದ್ದ. ಬಳಗದವರು ತೊಡುವ ಕೆಂಪು ನಿಲುವಂಗಿ ಆಗಲೇ ಹೊಲಿಸಿಯಾಗಿ ಕಪಾಟಿನಲ್ಲಿ ನುಸಿಗುಳಿಗೆಯ ವಾಸನೆಯಲ್ಲಿ ತೂಗಾಡುತ್ತಿತ್ತು. ಅದನ್ನು ಮೊದಲ ಸಲ ಕಂಡ ದಿನ ಓದೀಲ್, ಪಾದ್ರಿಯಾಗುತ್ತೀಯೋ ಕಿಟಕಿಯ ಪರದೆಯಾಗುತ್ತೀಯೋ ಎಂದು ವಿಚಾರಿಸಿದ್ದಳು.

ಆ ಸಾಲನ್ನು ಕಟ್ಟುವುದೇನು ಸುಲಭವೇ. ಕಾಸಿದ್ದರೆ ಸಾಲದು, ವೈನು ವ್ಯಾಪಾರಿಯ ಪಟ್ಟಿಯಲ್ಲಿ ಹೆಸರಿರಬೇಕು. ಮಳೆ ಹೊಡೆದು ದ್ರಾಕ್ಷಿ ಕೊಳೆತ ವರ್ಷದ್ದನ್ನೂ ಸಂತೋಷದಿಂದ ಕೊಳ್ಳಬೇಕು. ಒಂದು ವರ್ಷ ಬೇಡವೆಂದವನ ಹೆಸರು ಮುಂದಿನ ಒಳ್ಳೆಯ ವರ್ಷ ಪಟ್ಟಿಯಲ್ಲಿರುವುದಿಲ್ಲ. ಮೂರು ಬಾಟಲಿ ಓರ್ಬಿನ್ಯಾನ್ ಬೇಕಿದ್ದರೆ ಅದರ ಜೊತೆ ಯಾರೂ ಮುಟ್ಟದ ನಾಲ್ಕು ಪೆಟ್ಟಿಗೆ ಬಿಳಿ ವೈನನ್ನೂ ಹೊತ್ತು ತರಬೇಕು. ಅದರಲ್ಲಿ ಓದೀಲ್ ಚಿಪ್ಪುಮೀನು ಬೇಯಿಸುತ್ತಿದ್ದಳು, ಉಳಿದದ್ದರಲ್ಲಿ ಸ್ನಾನದ ಮನೆಯ ನಲ್ಲಿ ಉಜ್ಜುತ್ತಿದ್ದಳು. ಲಿಬೂರ್ನ್ ಪಟ್ಟಣದ ಎವರಿಸ್ತ್‌ನ ಕನ್ನಡಕದ ಅಂಗಡಿಯಲ್ಲಿ ಮೂವತ್ತು ವರ್ಷ ಆ ವ್ಯಾಪಾರಿ ಒಂದು ಗಾಜಿಗೂ ದುಡ್ಡು ಕೊಟ್ಟವನಲ್ಲ. ಪ್ರತಿ ವಸಂತದಲ್ಲೂ ಎವರಿಸ್ತ್ ಫೋನು ಮಾಡಿ, ವ್ಯಾಪಾರಿಯ ಕಾರ್ಯದರ್ಶಿ ಲೈನು ಹಿಡಿದಿರಿ ಎಂದಾಗ ಹಿಡಿದು, ಸಂಗೀತ ಕೇಳುತ್ತ, ಕನ್ನಡಿಯಲ್ಲಿ ತನ್ನ ಮುಖಕ್ಕೆ ತಾನೇ ವಿನಯದ ನಗು ನಕ್ಕು ಅಭ್ಯಾಸ ಮಾಡಿಕೊಳ್ಳುತ್ತಿದ್ದ. ಹೀಗೆ ಸಂಪಾದಿಸಿದ್ದರಲ್ಲಿ ಅವನು ಕುಡಿದದ್ದು ಬೆರಳೆಣಿಕೆಯಷ್ಟು. ಉಳಿದವಕ್ಕೆಲ್ಲ ಇನ್ನೂ ಕಾಲ ಬಂದಿರಲಿಲ್ಲ.

ಸಾಲಿನ ತಲೆಯ ಆ ಒಂದು ಬಾಟಲಿ ಮಾತ್ರ ಕೊಂಡದ್ದಲ್ಲ. ಅದು ಮಾವ ಕೊಟ್ಟದ್ದು. ಓದೀಲ್‌ಳ ಅಪ್ಪ ಆನ್ಸೆಲ್ಮ್ ನಲವತ್ತು ವರ್ಷ ಅದೇ ಶಾತೊದ ನೆಲಮಾಳಿಗೆಯಲ್ಲಿ ಪೀಪಾಯಿ ಉರುಳಿಸಿದವನು. ಹೊಸ ವರ್ಷಕ್ಕೆ ಕೆಲಸಗಾರರಿಗೆ ತಲೆಗೊಂದು ಬಾಟಲಿ ಕೊಡುತ್ತಿದ್ದರು. ಆನ್ಸೆಲ್ಮ್ ತನ್ನದನ್ನೆಲ್ಲ ಸಿಕ್ಕ ವಾರವೇ ಕುಡಿದು, ಅದೇಕೋ ಅರವತ್ತೊಂದರದ್ದನ್ನು ಮಾತ್ರ ಉಳಿಸಿಕೊಂಡಿದ್ದ. ಕೊಡುವಾಗ ಒಂದು ಮಾತೂ ಹೆಚ್ಚು ಆಡಿರಲಿಲ್ಲ. ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟು, ‘ನೀವು ಇಟ್ಕೊಳ್ಳಿ ಅಳಿಯಂದ್ರೇ, ಬೆಲೆ ಗೊತ್ತಿರೋರು ನೀವು’ ಅಂದಿದ್ದ. ಮೂವತ್ತೊಂದು ವರ್ಷದಿಂದ ಆ ಮಾತನ್ನು ಎವರಿಸ್ತ್ ಬಂದ ಅತಿಥಿಗಳಿಗೆಲ್ಲ ಹೇಳಿದ್ದ. ಹೇಳುವಾಗ ಮಾವನ ಹಳ್ಳಿಯ ಧಾಟಿಯನ್ನೂ ಸ್ವಲ್ಪ ಸೇರಿಸುತ್ತಿದ್ದ. ಬಾಟಲಿ ಕೈಸೇರುವ ಮೂರು ವಾರ ಮುಂಚಿನ ಭಾನುವಾರದ ಕಥೆಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಆ ಭಾನುವಾರ ಊಟಕ್ಕೆ ವ್ಯಾಪಾರಿ ಬಂದಿದ್ದ, ಹೃದಯದ ಡಾಕ್ಟರ್ ಪ್ರಾದೇಲ್ ಬಂದಿದ್ದ, ಮಾವನೂ ಹೇಳದೆ ಕೇಳದೆ ಒಂದು ಕೋಸು ಹಿಡಿದುಕೊಂಡು ಬಂದಿದ್ದ. ಎವರಿಸ್ತ್ ಎಪ್ಪತ್ತರ ಓರ್ಬಿನ್ಯಾನನ್ನು ಮೇಣದಬತ್ತಿಯ ಬೆಳಕಿನಲ್ಲಿ ಹೂಜಿಗೆ ಬಗ್ಗಿಸಿ ತಂದಿಟ್ಟ. ಡಾಕ್ಟರು ಮೂಗು ತೂರಿಸಿ ಕಣ್ಣು ಮುಚ್ಚಿದ. ವ್ಯಾಪಾರಿ ಕಣ್ಣು ಮುಚ್ಚಿದ. ಆಗ ಆನ್ಸೆಲ್ಮ್ ಸೂಪಿನ ತಟ್ಟೆಯಲ್ಲಿ ಎರಡು ಚಮಚ ಉಳಿಸಿ, ಆ ಸೀಮೆಯ ಮುದುಕರೆಲ್ಲ ಮಾಡುವಂತೆ ಹೂಜಿಯೆತ್ತಿ ತಟ್ಟೆಗೆ ಬಗ್ಗಿಸಿ, ತಿರುಗಿಸಿ, ಎರಡೂ ಕೈಯಲ್ಲಿ ಎತ್ತಿ ಸೊರ್ರೆಂದು ಕುಡಿದ. ಶಾಬ್ರೊ ಮಾಡೋದು ಅನ್ನುತ್ತಾರೆ ಅದಕ್ಕೆ. ಮೀಸೆಯಿಂದ ಎಪ್ಪತ್ತನೇ ಇಸವಿ ತೊಟ್ಟಿಕ್ಕಿತು. ಎವರಿಸ್ತ್ ಎದ್ದ. ಹೂಜಿಯನ್ನು ಮಾವನ ಕೈಯಿಂದ ತೆಗೆದು ಮೇಜಿನ ಆ ತುದಿಗಿಟ್ಟು, ಅಡುಗೆಮನೆಯಿಂದ ಪ್ಲಾಸ್ಟಿಕ್ ಮುಚ್ಚಳದ ವೈನು ತಂದು ಅವನ ಮುಂದೆ ಕುಕ್ಕಿ, ‘ಸೂಪಿಗೆ ಇದು ಸಾಕು ಮಾವ’ ಅಂದ. ಅತಿಥಿಗಳು ನಕ್ಕರು. ಅದು ದೊಡ್ಡ ನಗೆಯೇನಲ್ಲ, ಕರವಸ್ತ್ರದೊಳಗೆ ನಗುವಂಥದ್ದು. ಮಾವನೂ ನಕ್ಕ. ಮುಚ್ಚಳ ತಿರುಗಿಸಿ ತೆಗೆದು, ಸುರಿದುಕೊಂಡು, ಚೆನ್ನಾಗಿದೆ ಅಂದ. ಓದೀಲ್ ಆ ಹೊತ್ತಿನಲ್ಲಿ ಎಲ್ಲಿದ್ದಳು, ಬಾಗಿಲಲ್ಲಿ ನಿಂತಿದ್ದಳೇ, ಒಲೆಯ ಹತ್ತಿರವೇ? ಎಷ್ಟು ಯೋಚಿಸಿದರೂ ಅವಳ ಮುಖ ಮಾತ್ರ ಆ ಚಿತ್ರದಲ್ಲಿ ಕಾಣುತ್ತಿರಲಿಲ್ಲ.

“ಬಂತು,” ಎಂದಳು ಓದೀಲ್. ಗೇಟಿನ ಗೋಪುರ ಕಂಡಿತು.

ಒಳಗೆ ಉದ್ದನೆಯ ತಂಪು ಕೋಣೆಯಲ್ಲಿ ಹತ್ತು ಹದಿನೈದು ಜನ ತಮ್ಮ ತಮ್ಮ ಬಾಟಲಿಗಳನ್ನು ಎದೆಗವಚಿಕೊಂಡು, ದವಾಖಾನೆಯಲ್ಲಿ ಕೂತವರ ಹಾಗೆ ಗೋಡೆ ಬದಿಯ ಕುರ್ಚಿಗಳಲ್ಲಿ ಕೂತಿದ್ದರು. ಮಾತೂ ದವಾಖಾನೆಯದ್ದೇ. ಒಬ್ಬನದು ಭುಜದವರೆಗೆ ಇಳಿದಿದೆಯಂತೆ, ಇನ್ನೊಬ್ಬಳದು ರಾತ್ರೋರಾತ್ರಿ ಸೋರಿತಂತೆ, ಮತ್ತೊಬ್ಬನ ಭಾವನದ್ದನ್ನು ಹೋದ ವರ್ಷ ತೆಗೆದು ನೋಡಿದರೆ ಏನೂ ಮಾಡುವ ಹಾಗೇ ಇರಲಿಲ್ಲವಂತೆ. ಎದುರಿನ ಮೇಜಿನ ಮೇಲೆ ಎರಡು ತಟ್ಟೆ. ಬಲಗಡೆ ಮುದ್ರೆಯ ಬಿರಡೆಗಳು, ಎಡಗಡೆ ಬೋಳು. ಮೇಸ್ತ್ರಿಯ ಕೈ ಯಾವ ಕಡೆ ಹೋಗುತ್ತದೆಂದು ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ಚಾವಣಿಯ ತೊಲೆಗಳನ್ನೋ ತಮ್ಮ ಬೂಟುಗಳನ್ನೋ ಮೆಚ್ಚುತ್ತಿದ್ದರು. ಆದರೆ ಕೈ ಎಡಕ್ಕೆ ಹೋದ ಪ್ರತಿ ಸಲವೂ ಕೋಣೆಯಲ್ಲಿ ಒಂದು ನಿಟ್ಟುಸಿರು ಓಡಾಡುತ್ತಿತ್ತು, ಅದರಲ್ಲಿ ಅನುಕಂಪಕ್ಕಿಂತ ಹಸಿವು ಹೆಚ್ಚಾಗಿತ್ತು. ಎವರಿಸ್ತ್ ಕೋಟು ಬಿಚ್ಚಲಿಲ್ಲ. ಒಳಗಿನ ಅಂಗಿಯ ಮೊಣಕೈ ನೆನಪಾಗುತ್ತಿತ್ತು.

ಡಾಕ್ಟರ್ ಪ್ರಾದೇಲ್ ಎದ್ದು ಬಂದ. ಈಗ ಅವನಿಗೆ ಎಂಬತ್ತು, ಬಳಗದ ಅಧ್ಯಕ್ಷ. ಓದೀಲ್‌ಳ ಕೈಗೆ ಮುತ್ತಿಟ್ಟು, ನಿಮ್ಮ ತಂದೆ ಇದ್ದಿದ್ದರೆ ಇವತ್ತು ಎಷ್ಟು ಹೆಮ್ಮೆಪಡುತ್ತಿದ್ದರೋ ಎಂದ. ಓದೀಲ್ ಕೆಮ್ಮಿದಳು. ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು, ಅರವತ್ತು ವರ್ಷ ದಾಟಿದರೂ ವೈನು ಕುತ್ತಿಗೆಯಿಂದ ಕೆಳಗಿಳಿಯದ ಇಂಥ ಮಟ್ಟವನ್ನು ತಾನು ಎಲ್ಲೂ ಕಂಡಿಲ್ಲ, ಇದು ಇಡುವವನ ಕೈಗುಣ ಎಂದ. ಎವರಿಸ್ತ್ ಕೋಟಿನ ಗುಂಡಿ ಸರಿಮಾಡಿಕೊಂಡ. ಇಡುವವನ ಕೈಗುಣ. ಇಪ್ಪತ್ತೊಂಬತ್ತು ಬೇಸಿಗೆ ಆ ಬಾಟಲಿಗಾಗಿ ನೆಲಮಾಳಿಗೆಯ ಗೋಡೆಗೆ ಒದ್ದೆ ಗೋಣಿ ಹೊದಿಸಿದ್ದ. ಒಂದು ಬೇಸಿಗೆ ಅದಕ್ಕೆ ಸೆಕೆ ತಗಲದಂತೆ ನೋಡಿಕೊಳ್ಳಲು ಓದೀಲ್‌ಳ ಸಮುದ್ರದ ರಜೆಯನ್ನೇ ರದ್ದು ಮಾಡಿದ್ದ.

ಮೇಸ್ತ್ರಿ ದುಪೆರಾ ಅರವತ್ತರ ಮನುಷ್ಯ, ಕೆಂಪು ಕಿವಿ, ನಿಧಾನದ ಕೈ. ಓದೀಲ್‌ಳನ್ನು ಕಂಡು, ನೀವು ಆನ್ಸೆಲ್ಮಜ್ಜನ ಮಗಳಲ್ಲವೇ, ನನಗೆ ಕೆಲಸ ಕಲಿಸಿದವರು ಅವರೇ ಎಂದು ಏಪ್ರನ್ನಿಗೆ ಕೈ ಒರೆಸಿಕೊಂಡ. ಬಿರಡೆಯನ್ನು ಎರಡು ತೆಳು ಅಲಗುಗಳ ಚಿಮಟದಿಂದ ಅಲುಗಿಸಿ ಎತ್ತಿದ. ಬಿರಡೆ ನೋಡಿದ, ತಿರುಗಿಸಿ ಮತ್ತೆ ನೋಡಿದ. ಒಂದಿಷ್ಟು ಬಗ್ಗಿಸಿ ಮೂಗಿನ ಹತ್ತಿರ ತಂದವನು ಹಾಗೇ ನಿಂತುಬಿಟ್ಟ. ಬಾಯಿಗೆ ಹಾಕಿಕೊಂಡ. ಅವನ ಕಣ್ಣು ಎಲ್ಲೋ ದೂರ, ಊಟದ ಹೊತ್ತಿನ ಒಂದು ಬಯಲಿಗೆ ಹೋಗಿ ಬಂದಂತೆ ಎವರಿಸ್ತ್‌ಗೆ ಕಂಡಿತು. ಇದು ಪರಮಾನಂದವೇ ಎಂದುಕೊಂಡ. ಮೇಸ್ತ್ರಿ ಇನ್ನೆರಡು ಲೋಟಕ್ಕೆ ತೊಟ್ಟು ತೊಟ್ಟು ಹಾಕಿ, ಒಂದನ್ನು ಎವರಿಸ್ತ್‌ಗೆ, ಒಂದನ್ನು ಡಾಕ್ಟರಿಗೆ ಚಾಚಿದ. ನಲವತ್ತು ವರ್ಷ ಎವರಿಸ್ತ್ ಗಿರಾಕಿಗಳ ಕಣ್ಣಿನ ಮುಂದೆ ಒಂದೊಂದೇ ಗಾಜು ಬದಲಿಸುತ್ತ, ಈಗ ಸ್ಪಷ್ಟವೋ ಆಗ ಸ್ಪಷ್ಟವೋ ಎಂದು ಕೇಳಿದವನು. ಗಿರಾಕಿಗಳು ದಡ್ಡರೆನಿಸಿಕೊಳ್ಳಬಾರದೆಂದು ಯಾವುದಾದರೊಂದನ್ನು ಹೇಳಿಬಿಡುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಈಗ ಅವನು ಗುಟುಕರಿಸಿ ಬಾಯಿ ತೆರೆದ. ಹಳೆಯ ತೊಗಲು, ಸಿಗಾರಿನ ಪೆಟ್ಟಿಗೆ, ಮಳೆ ನಿಂತ ಕಾಡು, ಮತ್ತು ಕೊನೆಗೆ, ಬಹಳ ದೂರದಲ್ಲಿ, ಕಾಡು ಸ್ಟ್ರಾಬೆರಿ ಎಂದ. ಮಹಾ ಓರ್ಬಿನ್ಯಾನಿಗೆ ಮಾತ್ರ ಬರುವ ಸ್ಟ್ರಾಬೆರಿ. ಡಾಕ್ಟರು ಕಣ್ಣು ಮುಚ್ಚಿಕೊಂಡೇ, ಅದೇ, ಅದೇ, ಅರವತ್ತೊಂದರ ಸಹಿಯೇ ಅದು ಎಂದ.

“ಮೊಸ್ಯು ಲಕಾಜ್,” ಎಂದ ಮೇಸ್ತ್ರಿ ಎವರಿಸ್ತ್‌ನ ಕಡೆ ತಿರುಗಿ, “ಬಾಟ್ಲಿ ನಮ್ಮದು. ಹೆಸರಿನ ಚೀಟಿ ನಮ್ಮದು. ಬಿರಡೆನೂ ನಮ್ಮದೇ, ಒಂದು ತೂತಿಲ್ಲ. ಒಳಗಿರೋದು ನಮ್ಮದಲ್ಲ.”

ಕೋಣೆಯಲ್ಲಿ ಚಾವಣಿ ನೋಡುತ್ತಿದ್ದವರೆಲ್ಲ ಚಾವಣಿಯನ್ನು ಬಿಟ್ಟರು. ಎವರಿಸ್ತ್‌ಗೆ ಮೊದಲು ಕಂಡದ್ದು ಓದೀಲ್‌ಳ ಶಾಲು. ಮಡಚಿದ ಶಾಲನ್ನು ಅವಳು ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಮೇಸ್ತ್ರಿ ದನಿ ತಗ್ಗಿಸಿದ. ಅವನ ತುಟಿಯ ಮೂಲೆ ಅವನ ಮಾತು ಕೇಳುತ್ತಿರಲಿಲ್ಲ.

“ಇದು ಆನ್ಸೆಲ್ಮಜ್ಜಂದು. ಇಂಥದೇ ಚಿಮಟದಲ್ಲಿ ಬಿರಡೆ ತೆಗೆದು ಮತ್ತೆ ಒತ್ತಿದಾರೆ. ಕೋಳಿಗೂಡಿನ ಹಿಂದೆ ನಾಲ್ಕು ಸಾಲು ಬಳ್ಳಿ ಇತ್ತಲ್ಲ, ಸರ್ಕಾರ ಬೆಳೀಕೂಡದು ಅಂದಿರೋ ಜಾತಿ. ಅದಕ್ಕೇ ಈ ಸ್ಟ್ರಾಬೆರಿ ವಾಸನೆ. ಐದು ವರ್ಷ ದಿನಾ ಮಧ್ಯಾಹ್ನ ಅವರ ಜೊತೆ ಇದನ್ನೇ ಕುಡ್ದಿದೀನಿ, ನಾನು ಮರೀತೀನಾ? ಇಷ್ಟು ವರ್ಷ ಬದುಕಿದೆಯಲ್ಲ, ಅದು ಆಶ್ಚರ್ಯ.”

ಡಾಕ್ಟರ್ ಪ್ರಾದೇಲ್ ಲೋಟವನ್ನು ಕೆಳಗಿಟ್ಟ. ತನಗೂ ಮೊದಲ ಗುಟುಕಿಗೇ ಎಲ್ಲೋ ಸ್ವಲ್ಪ ಹಟ್ಟಿಯ ಛಾಯೆ ಕಂಡಿತ್ತು, ಆದರೆ ಸ್ನೇಹಿತರ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದೆ ಎಂದ. ಬಳಗದ ವಿಷಯ ಬಿಡುವಾದಾಗ ಮಾತಾಡೋಣ ಎಂದೂ ಸೇರಿಸಿ, ತನ್ನ ಮೂರು ಬಾಟಲಿಗಳ ಪೆಟ್ಟಿಗೆಯನ್ನು ಮೇಜಿನಿಂದ ಒಂದು ಗೇಣು ದೂರ ಸರಿಸಿದ, ಸೋಂಕು ತಗುಲೀತೆಂಬಂತೆ. ಮೇಸ್ತ್ರಿಯ ಕೈ ಎಡಗಡೆಯ ತಟ್ಟೆಗೆ ಹೋಯಿತು. ಶಾತೊದ ಹೆಸರಿನ ಚೀಟಿಯನ್ನು ಕಿತ್ತುಹಾಕಬೇಕೆನ್ನುವುದು ನಿಯಮ, ಬೇಡವೆಂದರೆ ಅಡ್ಡ ಗೆರೆ ಎಳೆಯುತ್ತೇನೆ ಎಂದ. ಎವರಿಸ್ತ್‌ಗೆ ಕೇಳಿಸಲಿಲ್ಲ. ಗೆರೆ ಎಳೀರಿ ಎಂದವಳು ಓದೀಲ್. ಬೋಳು ಬಿರಡೆ ಒಳಗಿಳಿಯುವಾಗ ಮುದ್ರೆಯ ಬಿರಡೆಯಷ್ಟೇ ಶಬ್ದ ಮಾಡಿತು.

ಹಿಂದಿರುಗುವಾಗ ಅವನು ಎಂಬತ್ತರಲ್ಲಿ ಓಡಿಸಿದ. ಬಾಟಲಿ ಹಿಂದಿನ ಸೀಟಿನಲ್ಲಿ ಉರುಳಾಡಿಕೊಂಡಿತ್ತು. ಶನಿವಾರ, ನಿಲುವಂಗಿ, ದರ್ಜಿಗೆ ಏನು ಹೇಳುವುದು, ವ್ಯಾಪಾರಿಗೆ ಇಷ್ಟು ಹೊತ್ತಿಗೆ ಸುದ್ದಿ ಮುಟ್ಟಿರುತ್ತದೆ, ಮುಂದಿನ ವಸಂತದಲ್ಲಿ ಕಾರ್ಯದರ್ಶಿ ಹಿಡಿದಿರಿ ಎಂದಾದರೂ ಅನ್ನುತ್ತಾಳೋ ಇಲ್ಲವೋ. ಇದೆಲ್ಲದರ ಅಡಿಯಲ್ಲಿ ಬೇರೆಯೇ ಒಂದು ಗಸಿ ಮೇಲೇಳುತ್ತಿತ್ತು. ಮಾವ ಬಾಟಲಿ ಕೊಟ್ಟ ಮೇಲೆ ಎರಡು ವರ್ಷ ಬದುಕಿದ್ದ. ಬಂದಾಗಲೆಲ್ಲ, ಕೋಟು ಬಿಚ್ಚುವ ಮೊದಲೇ, ಬಾಟ್ಲಿ ಹೇಗಿದೆ ಎಂದು ಕೇಳುತ್ತಿದ್ದ. ಎವರಿಸ್ತ್ ಅದನ್ನು ಗೌರವವೆಂದುಕೊಂಡಿದ್ದ. ಮುದುಕನಿಗೆ ಕೊನೆಗಾಲದಲ್ಲಾದರೂ ರುಚಿಯ ಅರಿವಾಯಿತಲ್ಲ ಎಂದು ಅತಿಥಿಗಳ ಹತ್ತಿರ ಹೇಳಿಯೂ ಇದ್ದ. ಕೊನೆಗೆ ಆಸ್ಪತ್ರೆಯಲ್ಲಿ, ಮೂಗಿಗೆ ನಳಿಗೆ ಹಾಕಿಸಿಕೊಂಡು, ‘ಇನ್ನೂ ತೆಗೀಲಿಲ್ವಾ ಅಳಿಯಂದ್ರೇ?’ ಎಂದಿದ್ದ. ‘ಅದಕ್ಕಿನ್ನೂ ಕಾಲ ಬಂದಿಲ್ಲ ಮಾವ’ ಎಂದು ಎವರಿಸ್ತ್ ಅವನ ಕೈ ತಟ್ಟಿದ್ದ. ಆಗ ಮುದುಕನಿಗೆ ಎಂಥ ಕೆಮ್ಮು ಬಂತೆಂದರೆ ನರ್ಸ್ ಓಡಿಬಂದಳು. ಅದು ಕೆಮ್ಮಾಗಿರಲಿಲ್ಲ. ಎರಡು ವರ್ಷ ಒಬ್ಬ ಮನುಷ್ಯ ತಾನು ಹೂಡಿಟ್ಟ ತಮಾಷೆ ಸಿಡಿಯಲೆಂದು ಕಾದು, ಇವನು ತೆಗೆಯಲಿಲ್ಲ, ಇವನು ತೆಗೆಯುವವನೇ ಅಲ್ಲ ಎಂದು ಕೊನೆಗೆ ಅದಕ್ಕೂ ನಕ್ಕು ಹೋದ. ತೆಗೆದಿದ್ದರೆ? ಆ ವಾರವೇ ತೆಗೆದಿದ್ದರೆ ಮುಖ ಕೆಂಪಾಗುತ್ತಿತ್ತು, ಮುದುಕ ತೊಡೆ ತಟ್ಟಿ ನಗುತ್ತಿದ್ದ, ಲೆಕ್ಕ ಸಮವಾಗುತ್ತಿತ್ತು. ಬಹುಶಃ ತಾನೂ ನಗುತ್ತಿದ್ದೆನೇನೋ. ತಾನು ಆಗ ನಗುವ ಮನುಷ್ಯನಾಗಿದ್ದೆನೇ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಕನ್ನಡಿ, ಫೋನು, ವಿನಯದ ನಗು ಮಾತ್ರ ನೆನಪಿಗೆ ಬಂತು.

ಮನೆಯಲ್ಲಿ ಓದೀಲ್ ಮೊದಲು ಬಟ್ಟೆ ಒಗೆಯುವ ಯಂತ್ರ ಹಾಕಿದಳು. ಆಮೇಲೆ ಸೂಪು ಬಿಸಿಗಿಟ್ಟಳು. ಕೋಸು, ಬಿಳಿ ಹುರುಳಿ, ಹಂದಿಯ ಎಲುಬು. ಎವರಿಸ್ತ್ ಕೋಟು ಬಿಚ್ಚಿ, ಅಂಗಿಯ ಸವೆದ ಮೊಣಕೈಯನ್ನು ಮೇಜಿಗೂರಿ ಕೂತ. ಯಂತ್ರ ಗುರುಗುಟ್ಟುತ್ತ ತಿರುಗಿ ಮೇಜೂ ಬಾಟಲಿಯೂ ಸಣ್ಣಗೆ ನಡುಗುತ್ತಿದ್ದವು. ಅವಳು ಇವನ ತಟ್ಟೆಗೆ ಬಡಿಸಿದಳು, ತನ್ನ ತಟ್ಟೆಗೆ ಬಡಿಸಿಕೊಂಡಳು. ಎವರಿಸ್ತ್ ಎರಡು ಚಮಚ ತಿಂದು ಬಾಟಲಿಯ ಕಡೆ ನೋಡಿದ.

“ನಿನಗೆ ಯಾವಾಗಿಂದ ಗೊತ್ತು?”

“ಆವತ್ತಿಂದ,” ಎಂದಳು. ಚಮಚ ಕೆಳಗಿಟ್ಟಳು. “ಒಂದು ವಾರದಲ್ಲಿ ತೆಗೀತಾನೆ ನೋಡು ಅಂದಿದ್ದ ಅಪ್ಪ. ವಾರ ಕಾದೆ. ಕ್ರಿಸ್ಮಸ್ಸಿಗೆ ತೆಗೀತೀಯ ಅನ್ಕೊಂಡೆ. ಅಪ್ಪ ಸತ್ತಾಗ ತೆಗೀತೀಯ ಅನ್ಕೊಂಡೆ. ಆಮೇಲೆ ನೀನು ಅದಕ್ಕೆ ಗೋಣಿ ಹೊದಿಸೋಕೆ ಶುರು ಮಾಡ್ದೆ. ಗೋಣಿ ಹೊದ್ಸೋನಿಗೆ ಹೇಗೆ ಹೇಳೋದು?”

“ಸಮುದ್ರಕ್ಕೆ ಹೋಗದೇ ಇದ್ದ ವರ್ಷ?”

“ಆ ವರ್ಷ ಹೇಳೋಣ ಅಂತ ಬಾಯಿವರೆಗೂ ಬಂದಿತ್ತು. ಸಿಟ್ಟು ಬಂದು ಹೇಳ್ಲಿಲ್ಲ. ಇಟ್ಕೋ, ಕೋಳಿಗೂಡಿನ ವೈನನ್ನ ತಂಪಾಗಿ ಇಟ್ಕೋ ಅಂತ ಬಿಟ್ಟೆ.”

ಅವನು ತಲೆಯಾಡಿಸಿದ. ಇದು ನ್ಯಾಯವೆಂದು ಅವನಿಗನ್ನಿಸಿತು. ಅನ್ನಿಸಿದ್ದಕ್ಕೆ ಆಶ್ಚರ್ಯವೂ ಆಯಿತು. ಒಗೆಯುವ ಯಂತ್ರ ನಿಂತು, ಏನೋ ಯೋಚಿಸಿ, ಮತ್ತೊಂದು ದಿಕ್ಕಿಗೆ ತಿರುಗತೊಡಗಿತು. ಕೇಳಬೇಕಾದ ಪ್ರಶ್ನೆಗಳು ಇನ್ನೂ ಎಷ್ಟೋ ಇದ್ದವು. ಮಾವನಿಗೆ ಆ ಭಾನುವಾರ ಎಷ್ಟು ನೋವಾಗಿತ್ತು, ನೀನು ಆಗ ಎಲ್ಲಿ ನಿಂತಿದ್ದೆ. ಆದರೆ ಅವನ ಬಾಯಿಂದ ಹೊರಟದ್ದು ಬೇರೆಯೇ. ಅರವತ್ತು ದಾಟಿದ ಮನುಷ್ಯನ ನಾಚಿಕೆಗೇಡು ಇದು ಎಂದು ಗೊತ್ತಿದ್ದೂ, ನಾಲಿಗೆ ತಡೆಯಲಿಲ್ಲ.

“ನಿಜವಾದ ಅರವತ್ತೊಂದು ಏನಾಯ್ತು?”

“ಅಪ್ಪನೂ ನಾನೂ ಕುಡಿದ್ವಿ. ಅವನ ಅಡುಗೆಮನೇಲಿ. ಸೂಪಿಗೆ ಹಾಕ್ಕೊಂಡು.”

“ಪೂರ್ತಿನಾ?”

“ಪೂರ್ತಿ.”

“ಹೇಗಿತ್ತು?”

ಓದೀಲ್ ನಿಜವಾಗಿಯೂ ಯೋಚಿಸಿದಳು. ಮೂವತ್ತೊಂದು ವರ್ಷ ಹಿಂದಕ್ಕೆ ಹೋಗಿ, ಆ ಅಡುಗೆಮನೆಯಲ್ಲಿ ಕೂತು, ಗಂಡನಿಗಾಗಿ ಪ್ರಾಮಾಣಿಕವಾಗಿ ನೆನಪು ಮಾಡಿಕೊಂಡಳು.

“ಬಿಸಿ ಇತ್ತು,” ಎಂದಳು.

ಎವರಿಸ್ತ್ ಚೀಟಿಯ ಮೇಲಿನ ಅಡ್ಡ ಗೆರೆಯನ್ನು ಸ್ವಲ್ಪ ಹೊತ್ತು ನೋಡಿದ. ಬೋಳು ಬಿರಡೆಯನ್ನು ತಿರುಪಿನಿಂದ ಎಳೆದು ತೆಗೆದು, ವಾಸನೆ ನೋಡದೆ, ತನ್ನ ತಟ್ಟೆಗೆ ಬಗ್ಗಿಸಿದ. ಎಷ್ಟು ಸೂಪು ಉಳಿಸಬೇಕೆಂದು ಅವನಿಗೆ ಗೊತ್ತಿರಲಿಲ್ಲ. ತಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚೇ ಇತ್ತು. ನೇರಳೆ ನೀರು ಕೋಸಿನ ಚೂರುಗಳನ್ನು ಎತ್ತಿಕೊಂಡು ಅಂಚಿನವರೆಗೆ ಬಂದು ನಡುಗುತ್ತ ನಿಂತಿತು, ಎತ್ತುವಂತಿರಲಿಲ್ಲ, ಬಿಡುವಂತಿರಲಿಲ್ಲ. ಓದೀಲ್ ಎದ್ದು ಮೇಜು ಸುತ್ತಿ ಬಂದು, ಅವನ ಭುಜದ ಮೇಲಿಂದ ಬಗ್ಗಿ, ತಟ್ಟೆಯ ಅಂಚಿಗೆ ತುಟಿ ಹಚ್ಚಿ ಸೊರ್ರೆಂದು ಎರಡು ಗುಟುಕು ಎಳೆದಳು. ಆಮೇಲೆ ತಟ್ಟೆಯನ್ನು ಅವನ ಎರಡೂ ಕೈಗೆ ಕೊಟ್ಟಳು.